ಹಸಿರು ಚೀಟಿಯ ಪುಸ್ತಕಗಳು

ಗ್ರಂಥಾಲಯಕ್ಕೆ ಬರುವ ಮಕ್ಕಳೆಲ್ಲ ಅವಳನ್ನು ಉಸ್ಸಕ್ಕ ಎಂದೇ ಕರೆಯುತ್ತಿದ್ದರು. ಗದ್ದಲ ಮಾಡಿದವರಿಗೆ ‘ಉಶ್’ ಅನ್ನುತ್ತಾಳೆಂದು ಆ ಹೆಸರು ಬಂತೋ, ಕುರ್ಚಿಗೆ ಕುಸಿಯುವಾಗೆಲ್ಲ ‘ಉಸ್ಸಪ್ಪಾ’ ಅನ್ನುತ್ತಾಳೆಂದು ಬಂತೋ, ಯಾರಿಗೂ ಗೊತ್ತಿರಲಿಲ್ಲ. ಅವಳಿಗಂತೂ ಎರಡೂ ಒಪ್ಪಿಗೆ. ಇಪ್ಪತ್ತನಾಲ್ಕು ವರ್ಷ ಒಂದೇ ಕೌಂಟರಿನ ಹಿಂದೆ ಕೂತು ತಾರೀಕಿನ ಮೊಹರು ಒತ್ತಿ ಒತ್ತಿ ಬಲಗೈ ಮಣಿಕಟ್ಟು ಹಿಡಿದುಕೊಂಡಿತ್ತು. ಮಕ್ಕಳೆಂದರೆ ಅವಳಿಗೆ ವಿಶೇಷ ಪ್ರೀತಿಯೇನೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಅವರು ಬರುತ್ತಿದ್ದರು, ಪುಸ್ತಕಗಳನ್ನು ತಲೆಕೆಳಗು ಮಾಡುತ್ತಿದ್ದರು, ಹೋಗುತ್ತಿದ್ದರು. ಅವರು ಹೋದಮೇಲೆ ಅವಳು ಜೋಡಿಸುತ್ತಿದ್ದಳು.

ಹಾಗಿರುವಾಗ, ಅವಳ ಐವತ್ತೊಂದನೆಯ ವಯಸ್ಸಿನಲ್ಲಿ, ಇಲಾಖೆಯಿಂದ ಒಂದು ಸುತ್ತೋಲೆ ಬಂತು. ಮಕ್ಕಳ ವಿಭಾಗವಿರುವ ಪ್ರತಿ ಶಾಖೆಯಲ್ಲೂ ಮಕ್ಕಳ ಸಾಹಿತ್ಯ ಮತ್ತು ಮಕ್ಕಳ ಗ್ರಂಥಾಲಯ ಸೇವೆಯ ಡಿಪ್ಲೊಮಾ ಮಾಡಿದವರೊಬ್ಬರು ಇರಲೇಬೇಕು. ಇಲ್ಲದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ, ಈಗಿರುವವರು ಊರಾಚೆಯ ಪುಸ್ತಕದ ಉಗ್ರಾಣಕ್ಕೆ ಹೋಗುತ್ತಾರೆ. ಉಗ್ರಾಣವೆಂದರೆ ಎರಡು ಬಸ್ಸು ಬದಲಿಸಿ ತಲುಪಬೇಕಾದ ಕಟ್ಟಡ. ಅಲ್ಲಿ ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿದ್ದರು. ಒಮ್ಮೆ ಹೋಗಿ ಬಂದಿದ್ದವಳಿಗೆ ವಾರವಿಡೀ ಸೀನು ನಿಂತಿರಲಿಲ್ಲ.

“ಏನಕ್ಕಾ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ?” ಎಂದು ಶಾಖೆಯ ಅಟೆಂಡರ್ ನಕ್ಕ. ಅವನಿಗೆ ನಿವೃತ್ತಿಗೆ ಎಂಟೇ ತಿಂಗಳಿತ್ತು. ಯಾವ ಸುತ್ತೋಲೆಯೂ ಅವನನ್ನು ಮುಟ್ಟುವಂತಿರಲಿಲ್ಲ.

“ಕೆಳಗಿನ ಕಪಾಟಿಂದ ಪುಸ್ತಕ ತೆಗ್ದೂ ತೆಗ್ದೂ ಸೊಂಟ ಆಗ್ಲೇ ಬಗ್ಗಿದೆ ಮಾರಾಯ. ಇನ್ನೊಂಚೂರು ಬಗ್ಗಿದ್ರೆ ಏನು ಗಂಟು ಹೋಗುತ್ತೆ?” ಎಂದಳು ಉಸ್ಸಕ್ಕ. ಅರ್ಜಿ ತುಂಬಿಸಿದಳು.

ಶನಿವಾರ ಮಧ್ಯಾಹ್ನ ತರಗತಿ. ಬೆಳಗಿನ ಪಾಳಿ ಮುಗಿಸಿ, ಡಬ್ಬಿಯ ಊಟವನ್ನು ಬಸ್ ನಿಲ್ದಾಣದ ಬೆಂಚಿನ ಮೇಲೆ ಮುಗಿಸಿ, ಮೂರು ಮಹಡಿ ಹತ್ತಿ ಹೋಗಬೇಕು. ತರಗತಿಯಲ್ಲಿದ್ದ ಹದಿನೇಳು ಜನರಲ್ಲಿ ಹದಿನೈದು ಜನ ಅವಳ ಮಗಳ ವಯಸ್ಸಿನವರು. ಮನೆಯಲ್ಲಿ ಮಗಳೂ ಕೊನೆಯ ವರ್ಷದ ಪದವಿ ಓದುತ್ತಿದ್ದಳು. ತಾಯಿ, ಮಗಳು ಊಟದ ಮೇಜಿನ ಆಚೆಗೊಬ್ಬರು ಈಚೆಗೊಬ್ಬರು ಕೂತು ಓದುತ್ತಿದ್ದರು. ಗಂಡ ಲಿಫ್ಟ್ ರಿಪೇರಿಯವನು. ದಿನವಿಡೀ ಪರರ ಮನೆಯ ಮಹಡಿಗಳ ನಡುವೆ ನೇತಾಡಿ ಬಂದು, ಮೇಜಿನ ಮೇಲೆ ತಟ್ಟೆ ಇಡಲು ಜಾಗವಿಲ್ಲದೆ ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದ. “ಒಂದೇ ಮನೇಲಿ ಇಬ್ರು ವಿದ್ಯಾರ್ಥಿನಿಯರು. ನಾನೊಬ್ಬ ದಡ್ಡ ಉಳ್ಕೊಂಡೆ,” ಎನ್ನುತ್ತಿದ್ದ. ಗೊಣಗಾಟವೋ ಹೆಮ್ಮೆಯೋ, ಅದನ್ನು ಯೋಚಿಸುವ ತ್ರಾಣವೂ ಅವಳಿಗಿರುತ್ತಿರಲಿಲ್ಲ.

ಪಾಠ ಹೇಳುವ ಮೇಡಂಗೆ ಮೂವತ್ತು ದಾಟಿರಲಿಲ್ಲ. ತುಂಬ ಓದಿಕೊಂಡಿದ್ದಳು, ತುಂಬ ಬೇಗ ಮಾತಾಡುತ್ತಿದ್ದಳು. ಮಗುವಿನ ಭಾಷೆ ಯಾವ ವಯಸ್ಸಿಗೆ ಎಷ್ಟು ಬೆಳೆಯುತ್ತದೆ, ಚಿತ್ರ ಎಲ್ಲಿ ಕಥೆ ಹೇಳುತ್ತದೆ, ಅಕ್ಷರ ಎಲ್ಲಿ ಹೇಳುತ್ತದೆ ಎಂದು ಬೋರ್ಡಿನ ಮೇಲೆ ಬರೆದೂ ಬರೆದೂ ಕುಪ್ಪಸದ ತೋಳೆಲ್ಲ ಬಿಳಿ ಪುಡಿ ಮಾಡಿಕೊಳ್ಳುತ್ತಿದ್ದಳು. ಉಸ್ಸಕ್ಕನಿಗೆ ಅವಳ ಮೇಲೆ ಸಿಟ್ಟು ಬರುತ್ತಿರಲಿಲ್ಲ. ಅಷ್ಟು ಉತ್ಸಾಹ ಕಂಡರೆ ಮಾತ್ರ ಇನ್ನಷ್ಟು ನಿದ್ದೆ ಬರುತ್ತಿತ್ತು.

ಪರೀಕ್ಷೆಯ ಜೊತೆಗೆ ಎರಡು ಕೆಲಸಗಳಿದ್ದವು. ಒಂದು, ತಮ್ಮ ಶಾಖೆಯ ಮಕ್ಕಳ ಪುಸ್ತಕಗಳನ್ನು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸುವುದು. “ಮಗು ಕಪಾಟಿನ ಮುಂದೆ ನಿಂತು ಕಂಗಾಲಾಗಬಾರದು. ನೋಡಿದ ಕೂಡಲೇ ತನ್ನದು ಯಾವುದು ಅಂತ ಗೊತ್ತಾಗ್ಬೇಕು,” ಎಂದಳು ಮೇಡಂ. ಇನ್ನೊಂದು, ಓದಲು ಬರುವ ಯಾರಾದರೂ ಒಂದು ಮಗುವನ್ನು ಆರಿಸಿಕೊಂಡು, ಅದಕ್ಕೆ ಗೊತ್ತಾಗದಂತೆ ನಾಲ್ಕು ತಿಂಗಳು ಗಮನಿಸಿ ದಿನಚರಿ ಬರೆಯುವುದು.

ದಿನಚರಿಗೆ ಉಸ್ಸಕ್ಕ ಆರಿಸಿದ್ದು ಒಬ್ಬ ಉದ್ದನೆಯ ಹುಡುಗಿಯನ್ನು. ಹದಿಮೂರು ವರ್ಷ, ವಯಸ್ಸಿಗೆ ಮೀರಿದ ಎತ್ತರ. ಬೇಕರಿಯಲ್ಲಿ ಕೆಲಸ ಮಾಡುವ ತಾಯಿ ಮನೆಗೆ ಬರುವವರೆಗೆ ಶಾಲೆಯಿಂದ ನೇರ ಇಲ್ಲಿಗೆ ಬಂದು, ಗೋಡೆ ಬದಿಯ ಸಣ್ಣ ಬೆಂಚಿನ ಮೇಲೆ ಮಂಡಿ ಮಡಿಸಿ ಕೂರುತ್ತಿದ್ದಳು. ಅವಳನ್ನು ಆರಿಸಲು ಘನವಾದ ಕಾರಣವೇನೂ ಇರಲಿಲ್ಲ. ಆ ಬೆಂಚು ಕೌಂಟರಿನಿಂದ ಕಾಣುತ್ತಿತ್ತು, ಏಳಬೇಕಾಗಿರಲಿಲ್ಲ. ‘ಸೋಮವಾರ. ಬೆಕ್ಕಿನ ಚಿತ್ರದ ತೆಳು ಪುಸ್ತಕ. ತುಟಿ ಅಲ್ಲಾಡಿಸುತ್ತಾ ಓದಿದಳು. ಒಂದು ಪುಟಕ್ಕೆ ಹೆಚ್ಚು ಹೊತ್ತು. ಮುಗಿಸಿದಳು. ಮತ್ತೆ ಮೊದಲಿಂದ ಓದಿದಳು. ಎರಡನೇ ಸಲ ಬೇಗ.’ ಇಂಥವೇ ಸಾಲುಗಳಿಂದ ನೋಟುಪುಸ್ತಕ ತುಂಬಿತು.

ವಿಂಗಡಣೆ ಮಾತ್ರ ಪ್ರಾಣ ಹಿಂಡಿತು. ಒಟ್ಟು ಸಾವಿರದ ಎಂಟುನೂರ ನಲವತ್ತು ಪುಸ್ತಕ. ಮಟ್ಟ ಗೊತ್ತಾಗಬೇಕಾದರೆ ಓದಲೇಬೇಕು. ಕೌಂಟರಿನಲ್ಲಿ ಓದಿದಳು, ಬಸ್ಸಿನಲ್ಲಿ ಓದಿದಳು, ಒಲೆಯ ಮೇಲೆ ಪಾತ್ರೆಯಿಟ್ಟು ಓದಿದಳು. ಮಾತಾಡುವ ಕರಡಿ, ದಾರಿ ತಪ್ಪಿದ ಮೋಡ, ಅಜ್ಜಿಯ ಕನ್ನಡಕ ಕದ್ದ ಕಾಗೆ, ಎಲ್ಲ ತಲೆಯೊಳಗೆ ಕಲಸುಮೇಲೋಗರವಾದವು. ಐದರಿಂದ ಏಳು ವರ್ಷದವರಿಗೆ ಹಸಿರು ಚೀಟಿ, ಎಂಟರಿಂದ ಹತ್ತಕ್ಕೆ ಹಳದಿ, ಹದಿಮೂರರವರೆಗೆ ನೀಲಿ, ಅದರ ಮೇಲಿನವರಿಗೆ ಕೆಂಪು. ಪುಸ್ತಕದ ಬೆನ್ನಿಗೆ, ತಳದಿಂದ ಎರಡು ಬೆರಳು ಮೇಲೆ, ಎಲ್ಲ ಒಂದೇ ಎತ್ತರಕ್ಕೆ ಅಂಟಿಸಿದಳು. ಎರಡೂವರೆ ತಿಂಗಳು ಹಿಡಿಯಿತು. ಕೊನೆಯ ಚೀಟಿ ಅಂಟಿಸಿ ಹಿಂದೆ ಸರಿದು ನೋಡಿದರೆ ಕಪಾಟುಗಳು ನಾಲ್ಕು ಬಣ್ಣದ ಪಟ್ಟೆ ಸೀರೆ ಹರವಿದಂತೆ ಕಂಡವು. ನೋಡಲು ಬಂದ ಮೇಡಂ ಫೋಟೋ ತೆಗೆದುಕೊಂಡು, “ತರಗತಿಗೇ ಇದು ಮಾದರಿ,” ಎಂದಳು. ಬಹಳ ವರ್ಷಗಳ ಮೇಲೆ ಯಾರೋ ತನ್ನ ಕೆಲಸವನ್ನು ಹೊಗಳಿದ್ದು ಕೇಳಿ ಉಸ್ಸಕ್ಕ, “ಚಹಾ ತರಿಸ್ಲಾ?” ಎಂದುಬಿಟ್ಟಳು.

ಮೊದಲು ಕೆಟ್ಟದ್ದು ಅಪ್ಪ ಅಮ್ಮಂದಿರು. ಎರಡನೇ ತರಗತಿಯ ಮಗುವಿನ ಅಪ್ಪನೊಬ್ಬ ಕೌಂಟರಿಗೆ ಬಂದು, “ನಮ್ಮೋನಿಗೆ ಕೆಂಪು ಕೊಡಿ ಮೇಡಂ. ಈ ಹಸಿರೆಲ್ಲ ಅವನಿಗೆ ನೀರು ಕುಡಿದಂಗೆ,” ಎಂದ. ಮಗು ಕಂಕುಳಲ್ಲಿ ಹಸಿರು ಚೀಟಿಯ ಆಮೆಯ ಪುಸ್ತಕವನ್ನು ಗಟ್ಟಿಯಾಗಿ ಅವುಚಿಕೊಂಡಿತ್ತು. ಅಪ್ಪ ಅದನ್ನು ಕಿತ್ತು ಕೌಂಟರಿನ ಮೇಲಿಟ್ಟು, ಸಣ್ಣ ಅಕ್ಷರದ ದಪ್ಪ ಪುಸ್ತಕ ಹಿಡಿಸಿ ಕರೆದೊಯ್ದ. ಎರಡು ವಾರದ ಮೇಲೆ ಅದು ಹೋದ ಹಾಗೆಯೇ ಬಂತು. ಒಳಗಿನ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿದಂತಿದ್ದವು.

ಆಮೇಲೆ ಮಕ್ಕಳು ಕಲಿತರು. ಮಕ್ಕಳಿಗೆ ಇಂಥದ್ದು ಕಲಿಸಬೇಕೆ? “ಲೇ, ಅವಳಿನ್ನೂ ಹಸಿರು!” “ನಾನು ನೀಲಿ, ನೀನು ಹಳದಿ, ಆ ಕಡೆ ಹೋಗಿ ಕೂತ್ಕೋ.” ಉಸ್ಸಕ್ಕ ಕೌಂಟರಿನಿಂದಲೇ ‘ಉಶ್’ ಎನ್ನುತ್ತಿದ್ದಳು. ಗದ್ದಲ ನಿಲ್ಲುತ್ತಿತ್ತು. ಕೇಳಿದವರ ಮನಸ್ಸಿನೊಳಗೆ ಹೊಕ್ಕ ಮಾತು ಹೊರಬರುತ್ತಿರಲಿಲ್ಲ.

ಉದ್ದನೆಯ ಹುಡುಗಿ ಈಗ ನೀಲಿ ಚೀಟಿಯ ಪುಸ್ತಕ ಹಿಡಿದು ಕೂರತೊಡಗಿದಳು. ಉಸ್ಸಕ್ಕ ದಿನಚರಿಯಲ್ಲಿ, ‘ಪ್ರಗತಿ. ಮೇಲಿನ ಮಟ್ಟಕ್ಕೆ ಏರಿದ್ದಾಳೆ,’ ಎಂದು ಬರೆದು ಅಡಿಗೆರೆ ಹಾಕಿದಳು. ಮೂರು ದಿನ ಬಿಟ್ಟು ನೋಡಿದರೆ ಹುಡುಗಿ ಇದ್ದ ಪುಟ ಹನ್ನೆರಡು. ಮರುದಿನವೂ ಹನ್ನೆರಡು. ತುಟಿ ಅಲ್ಲಾಡುತ್ತಿರಲಿಲ್ಲ, ಕಣ್ಣು ಪುಸ್ತಕದ ಮೇಲಿತ್ತು, ಅಷ್ಟೆ. ಅದರ ಮುಂದಿನ ವಾರ ಬರುವುದೇ ನಿಂತಿತು. ‘ಬಂದಿಲ್ಲ,’ ಎಂದು ಬರೆದಳು. ‘ಬಂದಿಲ್ಲ.’ ‘ಬಂದಿಲ್ಲ.’ ಹತ್ತು ದಿನ ಅದೇ.

ನಿಜ ಹೇಳಬೇಕೆಂದರೆ, ಉಸ್ಸಕ್ಕನಿಗೆ ಮೊದಲು ಬಂದದ್ದು ಮರುಕವಲ್ಲ, ಸಿಟ್ಟು. ಮೌಲ್ಯಮಾಪನಕ್ಕೆ ಇನ್ನು ಮೂರು ವಾರ. ಈಗ ಬೇರೆ ಮಗುವನ್ನು ಹುಡುಕಿ ನಾಲ್ಕು ತಿಂಗಳ ದಿನಚರಿ ಬರೆಯುವುದೆಂದರೆ ಸುಳ್ಳು ಬರೆಯಬೇಕು, ಸುಳ್ಳು ಬರೆಯಲೂ ಶಕ್ತಿ ಬೇಕು. ಸದಸ್ಯತ್ವದ ಕಾರ್ಡಿನಿಂದ ವಿಳಾಸ ಬರೆದುಕೊಂಡು, ವಾರದ ರಜೆಯ ದಿನ, ಕಾಲೆಳೆಯುತ್ತಾ ಹುಡುಗಿಯ ಮನೆಗೆ ಹೊರಟಳು.

ಸಾಲು ಮನೆಗಳ ಮೇಲ್ಮಹಡಿಯ ಒಂದು ಕೋಣೆ. ತಾಯಿ ಆಗಷ್ಟೇ ಕೆಲಸದಿಂದ ಬಂದಿದ್ದಳು. ಮೊಣಕೈವರೆಗೂ ಹಿಟ್ಟಿನ ಗುರುತು ಉಳಿದಿತ್ತು. ಬಾಗಿಲಲ್ಲಿ ಗ್ರಂಥಾಲಯದವಳನ್ನು ಕಂಡು ಹುಡುಗಿ ಗೋಡೆಗೆ ಅಂಟಿ ನಿಂತಳು. ಉಸ್ಸಕ್ಕ ಬಾಯಿ ತೆರೆಯುವ ಮೊದಲೇ, “ಬೈಬೇಡಿ ಅಕ್ಕಾ, ಕೊಟ್ಬಿಡ್ತೀನಿ,” ಎಂದು, ಹಾಸಿಗೆಯ ಸುರುಳಿಯೊಳಗೆ ಕೈ ತೂರಿಸಿ ಒಂದು ತೆಳು ಪುಸ್ತಕ ತೆಗೆದಳು.

ಅಜ್ಜಿಯ ಕನ್ನಡಕ ಕದ್ದ ಕಾಗೆಯ ಪುಸ್ತಕ. ಬೆನ್ನಿನ ಮೇಲೆ ಹಸಿರು ಚೀಟಿ ಇದ್ದ ಕಡೆ ಉಗುರಿನಿಂದ ಕೆರೆದ ಗುರುತು. ಚೀಟಿಯ ಜೊತೆ ರಟ್ಟಿನ ಮೇಲಿನ ಕಾಗದವೂ ಹರಿದು, ಒಳಗಿನ ಬೂದು ಬಣ್ಣ ಎದ್ದುಕೊಂಡಿತ್ತು.

“ಇದೇನೇ ಇದು? ಕದ್ಕೊಂಡು ಬಂದ್ಯಾ?” ತಾಯಿಯ ದನಿ ಏರಿತು.

“ಕದ್ದಿಲ್ಲಮ್ಮ! ಚೀಟಿ ತೆಗೆದ್ಬಿಟ್ಟು ಕಾರ್ಡಿಗೆ ಬರೆಸ್ಕೊಳ್ಳೋಣ ಅಂತಿದ್ದೆ. ಅದು ಹರಿದೋಯ್ತು. ಹರಿದಿದ್ದು ನೋಡಿದ್ರೆ ಬೈತಾರೆ ಅಂತ ಚೀಲಕ್ಕೆ ಹಾಕ್ಕೊಂಡೆ.” ಹುಡುಗಿಯ ಕಣ್ಣಲ್ಲಿ ನೀರು ನಿಂತಿತ್ತು. ಕೆಳಗೆ ಬೀಳಲು ಮಾತ್ರ ಅವಳು ಬಿಡಲಿಲ್ಲ.

“ಚೀಟಿ ಯಾಕೆ ತೆಗೆಯಕ್ಕೆ ಹೋದೆ?” ಉಸ್ಸಕ್ಕ ಕೇಳಿದಳು. ಕೇಳಬಾರದಿತ್ತೆಂದು ಆ ಕ್ಷಣವೇ ಅನ್ನಿಸಿತು.

“ನಮ್ಮ ಕ್ಲಾಸಿನೋರು ಬರ್ತಾರಲ್ಲ. ಹಸಿರು ತಗೊಂಡ್ರೆ ಪಾಪು ಅಂತಾರೆ. ಹಾಲು ಕುಡೀತೀಯಾ ಅಂತಾರೆ.” ಹುಡುಗಿ ನೆಲ ನೋಡುತ್ತಾ ಮುಂದುವರಿಸಿದಳು. “ನೀಲಿ ಪುಸ್ತಕ ನಂಗೆ ಬರಲ್ಲ ಅಕ್ಕಾ. ಕೆಳಗಿನ ಸಾಲಿಗೆ ಬರೋದ್ರೊಳ್ಗೆ ಮೇಲಿನ ಸಾಲು ಏನಂತ ಮರೆತೋಗುತ್ತೆ. ಈ ತೆಳ್ಳಗಿರೋವು ಓದಿದ್ರೆ ಮುಗಿಯುತ್ತೆ. ಮುಗಿದ್ರೆ ಚೆನ್ನಾಗಿರುತ್ತೆ. ಮುಂಚೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ನೀವೇ ಅಂಟಿಸಿದ್ರಲ್ಲ.”

ತಾಯಿಯ ಸಿಟ್ಟು ಇಳಿಯಿತು. ಮಗಳಿಗೆ ಓದು ತಡವೆಂದು ಅವಳಿಗೆ ಗೊತ್ತಿತ್ತು. ಶಾಲೆಯವರು ವರ್ಷ ವರ್ಷವೂ ಹೇಳುತ್ತಿದ್ದರು. ಮಗಳು ದಿನವೂ ಹೋಗಿ ಕೂತು ಪುಸ್ತಕಗಳನ್ನು ಓದಿ ಮುಗಿಸುತ್ತಿದ್ದಳೆಂಬುದು ಗೊತ್ತಿರಲಿಲ್ಲ. “ಎಷ್ಟು ಓದಿದ್ದಾಳೆ ಇವಳು?” ಎಂದು ಉಸ್ಸಕ್ಕನನ್ನು ಕೇಳಿದಳು.

ದಿನಚರಿ ಉಸ್ಸಕ್ಕನ ಕೈಚೀಲದಲ್ಲೇ ಇತ್ತು. ತೆಗೆದು ಎಣಿಸಿದಳು. “ನಾನು ನೋಡಿದ ಎರಡೂವರೆ ತಿಂಗಳಲ್ಲಿ ಐವತ್ಮೂರು.”

“ಐವತ್ಮೂರು,” ಎಂದಳು ತಾಯಿ. ಅಷ್ಟು ಹೇಳಿ ಮಗಳ ಕಡೆ ನೋಡಿದಳು.

ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಉಸ್ಸಕ್ಕನಿಗೆ ಆ ದಿನ ನಿದ್ದೆ ಬರಲಿಲ್ಲ. ಎರಡೂವರೆ ತಿಂಗಳು ಮೈ ಮುರಿದು ಮಾಡಿದ ಕೆಲಸ. ಇಲಾಖೆ ಹೇಳಿತು, ಮೇಡಂ ಹೇಳಿದಳು, ತಾನು ಮಾಡಿದಳು. ತಪ್ಪು ಯಾರದ್ದೆಂದು ಹುಡುಕುತ್ತಾ ಹೋದರೆ ಎಲ್ಲರೂ ಒಳ್ಳೆಯವರೇ. ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಗಂಡನನ್ನು ಕೇಳಿದಳು, “ಅಂಟಿಸಿದ ಚೀಟಿ ಹರಿಯದ ಹಾಗೆ ಕೀಳೋದು ಹೇಗ್ರೀ?”

“ಎಷ್ಟಿದಾವೆ?”

“ಸಾವಿರದ ಎಂಟುನೂರ ನಲವತ್ತು.”

ಗಂಡ ಅವಳ ಮುಖ ನೋಡಿದ. ತಮಾಷೆ ಮಾಡಲು ಹೊರಟವನು ನಿಲ್ಲಿಸಿದ. “ಬಿಸಿ ಗಾಳಿ ಕೊಡ್ಬೇಕು. ಅಂಟು ಮೆತ್ತಗಾದ್ಮೇಲೆ ಮೂಲೆಯಿಂದ ನಿಧಾನಕ್ಕೆ ಎಳೀಬೇಕು. ಮಗಳ ಕೂದಲು ಒಣಗಿಸೋ ಮಷೀನ್ ಇದೆಯಲ್ಲ.”

“ಅಮ್ಮಾ, ನಿಂಗೆ ಹುಚ್ಚು ಹಿಡಿದಿದ್ಯಾ?” ಎಂದಳು ಮಗಳು. “ಮೇಡಂ ನೋಡಕ್ಕೆ ಬರೋದು ಇನ್ನು ಹದಿನೆಂಟು ದಿನಕ್ಕೆ. ಮಾರ್ಕ್ಸ್ ಬಂದ್ಮೇಲೆ ಕಿತ್ಕೋಬಹುದಲ್ಲ?”

ಆ ಮಾತು ಉಸ್ಸಕ್ಕನಿಗೆ ಬಸ್ಸಿನಲ್ಲೇ ಹೊಳೆದಿತ್ತು. ಹದಿನೆಂಟು ದಿನ ಏನು ಮಹಾ? ಅಂತಲೂ ಅಂದುಕೊಂಡಿದ್ದಳು. ಆದರೆ ಆ ಕೋಣೆಯಿಂದ ಹೊರಡುವಾಗ ಹುಡುಗಿ, “ನಾಳೆ ಬರ್ಲಾ ಅಕ್ಕಾ?” ಎಂದು ಕೇಳಿದ್ದಳು. ಇವಳು “ಬಾ” ಎಂದಿದ್ದಳು. ಬಾ ಎಂದ ಮೇಲೆ ಹದಿನೆಂಟು ದಿನ ತಡಿ ಎನ್ನುವುದು ಹೇಗೆ?

“ಮಷೀನ್ ಕೊಡ್ತೀಯೋ ಇಲ್ವೋ?” ಎಂದಳು.

ಮರುದಿನ ಗ್ರಂಥಾಲಯ ತೆರೆಯುವ ಹೊತ್ತಿಗೆ ಮುಂಚೆಯೇ ಶುರುಮಾಡಿದಳು, ಹಸಿರಿನಿಂದಲೇ. ಒಂದು ಪುಸ್ತಕಕ್ಕೆ ಅರ್ಧ ನಿಮಿಷ ಬಿಸಿ, ಅರ್ಧ ನಿಮಿಷ ಎಳೆತ. ಅಂಟಿಸುವಾಗ ಸುಲಭವಿತ್ತು; ಕೀಳುವಾಗ ಮಣಿಕಟ್ಟು ಬೆಂಕಿಯಾಯಿತು. ಅಟೆಂಡರ್ ಎರಡು ದಿನ ದೂರದಿಂದ ನೋಡಿ, ಮೂರನೆಯ ದಿನ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತ. “ನಲವತ್ತು ವರ್ಷದ ನೌಕರೀಲಿ ಮಾಡಿದ ಕೆಲ್ಸ ಅಳಿಸೋರನ್ನ ಬೇಕಾದಷ್ಟು ನೋಡಿದೀನಿ. ತಾವೇ ಮಾಡಿದ್ದನ್ನ ಅಳಿಸೋರನ್ನ ಇದೇ ಮೊದಲು ನೋಡಿದ್ದು. ಕೊಡಿ ಇಲ್ಲಿ,” ಎಂದು ಮಷೀನನ್ನು ಅವನೇ ಹಿಡಿದ. ಮೊದಲ ದಿನವೇ ಸಂಜೆ ಬಂದ ಉದ್ದನೆಯ ಹುಡುಗಿ ಕಪಾಟಿನ ಮುಂದೆ ನಿಂತು, ಕಿತ್ತುಹಾಕಿದ ಚೀಟಿಗಳ ರಾಶಿ ನೋಡಿದಳು. ತೆಳು ಪುಸ್ತಕವೊಂದನ್ನು ಎಳೆದುಕೊಂಡು ಬೆಂಚಿಗೆ ಹೋದಳು. ಹದಿನಾಲ್ಕು ದಿನಕ್ಕೆ ಎಲ್ಲ ಮುಗಿಯಿತು. ಸುಮಾರು ಅರವತ್ತು ಪುಸ್ತಕಗಳ ಬೆನ್ನು ಹರಿದಿತ್ತು; ಅವುಗಳಿಗೆ ಹೊಸ ಕಾಗದ ಸುತ್ತಿದರು.

ಮೌಲ್ಯಮಾಪನದ ದಿನ ಮೇಡಂ ಬಂದು ಕಪಾಟಿನ ಮುಂದೆ ನಿಂತಳು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡಿದಳು.

“ಚೀಟಿಗಳು ಎಲ್ಲಿ?”

“ಕಿತ್ತೆ.”

“ಕಿತ್ರಾ? ಯಾಕೆ?”

“ಮಕ್ಕಳು ಪುಸ್ತಕ ನೋಡೋದು ಬಿಟ್ಟು ಚೀಟಿ ನೋಡ್ತಿದ್ರು ಮೇಡಂ,” ಎಂದು ಹೇಳಿ ಉಸ್ಸಕ್ಕ ದಿನಚರಿ ಮುಂದಿಟ್ಟಳು.

ಮೇಡಂ ನಿಂತಲ್ಲೇ ಓದಿದಳು. ಪುಟ ಹನ್ನೆರಡರ ವಿಷಯ ಓದಿದಳು, ಹತ್ತು ಸಲ ಬರೆದ ‘ಬಂದಿಲ್ಲ’ ಓದಿದಳು. ಓದಿ ಮುಗಿಸಿದಾಗ ಅವಳ ಮುಖವೂ ದಣಿದಂತೆ ಕಂಡಿತು. “ನಂಗೆ ಮೊದಲೇ ಒಂದು ಮಾತು ಹೇಳ್ಬಹುದಿತ್ತಲ್ಲ ನೀವು,” ಎಂದಳು. “ಮಟ್ಟ ಗುರುತು ಮಾಡೋದು ತಪ್ಪಲ್ಲ. ಅದು ನಮಗೆ ಗೊತ್ತಿದ್ರೆ ಸಾಕಿತ್ತು, ಬೆನ್ನಿಗೆ ಹಚ್ಚೋದು ಬೇಡವಾಗಿತ್ತು. ಅದನ್ನ ನಾನು ಹೇಳ್ಲಿಲ್ಲ. ಆದ್ರೆ ವಿಂಗಡಣೆ ಕಣ್ಣಿಗೆ ಕಾಣದೆ ನಾನು ಹೇಗೆ ಅಂಕ ಹಾಕ್ಲಿ?”

“ಹಾಕ್ಬೇಡಿ,” ಎಂದಳು ಉಸ್ಸಕ್ಕ. ಸಿಟ್ಟಿನಿಂದ ಅಂದದ್ದಲ್ಲ. ಕೂತರೆ ಸಾಕಾಗಿತ್ತು.

ವಿಂಗಡಣೆಗೆ ನೂರಕ್ಕೆ ಮೂವತ್ತಾರು ಬಂತು. ನಲವತ್ತಕ್ಕೆ ಪಾಸು. ದಿನಚರಿ, ಲಿಖಿತ ಪರೀಕ್ಷೆ ಎರಡರಲ್ಲೂ ಪಾಸಾಗಿ, ವಿಂಗಡಣೆಯೊಂದರಲ್ಲಿ ಫೇಲು. ಅದಕ್ಕಾಗಿ ಇನ್ನೂ ಆರು ತಿಂಗಳ ಶನಿವಾರಗಳು. ಮಗಳು ಪದವಿ ಮುಗಿಸಿ ಮೇಜಿನ ತನ್ನ ಭಾಗ ಬಿಟ್ಟುಕೊಟ್ಟಳು. “ಈಗ ಪೂರ್ತಿ ಮೇಜು ನಿಂದೇ. ಹಾಯಾಗಿ ಓದ್ಕೋ,” ಎಂದು ಅಮ್ಮನ ಹೆಗಲು ಒತ್ತಿದಳು. ಉಗ್ರಾಣದ ಆದೇಶ ಬರುತ್ತದೆಂದು ಉಸ್ಸಕ್ಕ ದಿನವೂ ಅಂಚೆ ನೋಡುತ್ತಿದ್ದಳು. ಆರು ತಿಂಗಳ ಕಾಲಾವಕಾಶ ಕೊಡಬೇಕೆಂದು ಮೇಡಂ ಇಲಾಖೆಗೆ ಬರೆದಿದ್ದಳೆಂದು ಆಮೇಲೆ ಗೊತ್ತಾಯಿತು. ಎರಡನೆಯ ಸಲ ಉಸ್ಸಕ್ಕ ಒಂದು ದಪ್ಪ ನೋಟುಪುಸ್ತಕ ಮಾಡಿದಳು. ಪ್ರತಿ ಪುಸ್ತಕಕ್ಕೂ ಎರಡು ಸಾಲು: ಕಥೆ ಏನು, ಎಂಥ ಮಗುವಿಗೆ ಹಿಡಿಸೀತು. ಅದು ಕೌಂಟರಿನ ಖಾನೆಯೊಳಗಿರುತ್ತಿತ್ತು, ಮಕ್ಕಳ ಕಣ್ಣಿಗೆ ಬೀಳುತ್ತಿರಲಿಲ್ಲ. ಐವತ್ತೆಂಟು ಅಂಕ ಬಂತು. ಪ್ರಮಾಣಪತ್ರಕ್ಕೆ ಗಂಡ ಚೌಕಟ್ಟು ಹಾಕಿಸಿಕೊಂಡು ಬಂದ. ಮೊಳೆ ಹೊಡೆಯಲು ಇಬ್ಬರಿಗೂ ಪುರುಸೊತ್ತಾಗದೆ ಅದು ಬಹಳ ದಿನ ಬೀರುವಿಗೆ ಒರಗಿಕೊಂಡೇ ಇತ್ತು.

ಅಷ್ಟರಲ್ಲಿ ಅಟೆಂಡರ್ ನಿವೃತ್ತನಾಗಿದ್ದ. ಅವನ ಜಾಗಕ್ಕೆ ಯಾರೂ ಬಂದಿರಲಿಲ್ಲ. ಪುಸ್ತಕ ಜೋಡಿಸುವುದರ ಜೊತೆಗೆ ಬಾಗಿಲು ತೆಗೆಯುವುದು, ಧೂಳು ಹೊಡೆಯುವುದೂ ಉಸ್ಸಕ್ಕನ ಪಾಲಿಗೆ ಬಿದ್ದಿತ್ತು. ಒಂದು ಸಂಜೆ ಉದ್ದನೆಯ ಹುಡುಗಿ ಕೌಂಟರಿಗೆ ಬಂದು ಒಂದು ಪುಸ್ತಕ ಇಟ್ಟಳು. ತೀರ ತೆಳುವೂ ಅಲ್ಲ, ದಪ್ಪವೂ ಅಲ್ಲ. ಅರ್ಧಕ್ಕೆ ಕಾಗದದ ಚೂರು ಸಿಕ್ಕಿಸಿತ್ತು.

“ಮುಗೀಲಿಲ್ವಾ? ಕಷ್ಟ ಆಯ್ತಾ?” ಉಸ್ಸಕ್ಕ ಮೆಲ್ಲಗೆ ಕೇಳಿದಳು.

“ಕಷ್ಟ ಏನಿಲ್ಲ. ಚೆನ್ನಾಗಿಲ್ಲ ಅಕ್ಕಾ ಇದು. ಆ ಹುಡುಗ ಮೊದಲ್ನೇ ಪುಟದಿಂದ ಬರೀ ಒಳ್ಳೆಯೋನೇ. ಇಷ್ಟು ದೂರ ಬಂದ್ರೂ ಒಂದು ತಪ್ಪೂ ಮಾಡ್ಲಿಲ್ಲ. ಇನ್ನು ಮುಂದೆ ಮಾಡ್ತಾನೆ ಅಂತ ನಂಗೇನೂ ಅನ್ನಿಸ್ತಿಲ್ಲ.”

ಉಸ್ಸಕ್ಕ ಆ ಪುಸ್ತಕ ಓದಿದ್ದಳು. ಹುಡುಗಿ ಹೇಳಿದ್ದು ನಿಜ. ಅವನು ಕೊನೆಯವರೆಗೂ ಒಂದು ತಪ್ಪೂ ಮಾಡುವುದಿಲ್ಲ. “ಮಾಡಲ್ಲ,” ಎಂದಳು. “ಬಿಡು, ಓದ್ಬೇಡ.”

“ಬೇರೆ ಯಾವುದಾದ್ರೂ ಇದ್ಯಾ? ಸುಳ್ಳು ಹೇಳೋ ಹುಡುಗಿದು?”

ಉಸ್ಸಕ್ಕ ಮೇಜಿಗೆ ಕೈಯೂರಿ ಎದ್ದಳು. ಮಂಡಿ ಸದ್ದು ಮಾಡಿತು. ಅಂಥದ್ದೊಂದು ಮೂರನೆಯ ಕಪಾಟಿನ ಕೆಳಗಿನ ಸಾಲಿನಲ್ಲಿ ಇದ್ದಂತೆ ನೆನಪು. ಅಲ್ಲಿಯವರೆಗೆ ನಡೆದು, ಬಗ್ಗಿ ಹುಡುಕತೊಡಗಿದಳು. ಹುಡುಗಿಯೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಪುಸ್ತಕದ ಹೆಸರನ್ನು ತುಟಿ ಅಲ್ಲಾಡಿಸುತ್ತಾ ಓದಿ ನೋಡಿದಳು.